ಹೆಡ್ ಬಿಚ್ಚುವ ಮುನ್ನ: ಹಳೆಯ ಪಿಕಪ್ ಗಾಡಿಯ ಗ್ಯಾಸ್ಕೆಟ್ ಬಗ್ಗೆ ಓದುಗರ ಪ್ರಶ್ನೆಗಳು

ಎಂಜಿನ್ ಹೀಟ್ ಆದ ಕೂಡಲೇ ‘ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡಿಗೂ ಸಿಲಿಂಡರುಗಳಿರುವ ಬ್ಲಾಕಿಗೂ ನಡುವಿನ ತೆಳು ಹಾಳೆ) ಹೋಗಿದೆ’ ಎಂಬ ತೀರ್ಪು ಬರುತ್ತದೆ. ಗಾಡಿ ಗ್ಯಾರೇಜಿನಲ್ಲಿ ವಾರಗಟ್ಟಲೆ ನಿಲ್ಲುತ್ತದೆ, ಬಾಡಿಗೆ ತಪ್ಪುತ್ತದೆ. ಎಷ್ಟೋ ಸಲ ಹೆಡ್ ಬಿಚ್ಚಿದ ಮೇಲೆ ಗ್ಯಾಸ್ಕೆಟ್ ಚೆನ್ನಾಗಿಯೇ ಇರುತ್ತದೆ. ಈ ವಿಷಯದ ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನದು ಹಳೆಯ ಡೀಸೆಲ್ ಪಿಕಪ್. 2.5 ಲೀಟರ್ ಎಂಜಿನ್, ಕಾಮನ್ ರೈಲ್ (ಎಲ್ಲ ಸಿಲಿಂಡರುಗಳಿಗೂ ಒಂದೇ ಪೈಪಿನಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಕೊಡುವ ಹೊಸ ವ್ಯವಸ್ಥೆ) ಅಲ್ಲ. ತೆಂಗಿನಕಾಯಿ ಹೇರಿಕೊಂಡು ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಹೋಗುತ್ತದೆ. ಸಕಲೇಶಪುರ ದಾಟಿದರೆ ತಾನಾಗಿಯೇ ಇಳಿಯುತ್ತದೆ. ವಾರಕ್ಕೆ ಒಂದೂವರೆ ಲೀಟರ್ ನೀರು ಹಾಕಬೇಕು, ಆದರೆ ಎಲ್ಲೂ ಸೋರಿದ ಗುರುತಿಲ್ಲ. ಒಬ್ಬ ಮೆಕ್ಯಾನಿಕ್ ಗ್ಯಾಸ್ಕೆಟ್ ಅನ್ನುತ್ತಾರೆ, ಇನ್ನೊಬ್ಬರು ರೇಡಿಯೇಟರ್ ಅನ್ನುತ್ತಾರೆ. ಹೆಡ್ ಬಿಚ್ಚದೆ ತಿಳಿಯಲು ದಾರಿ ಇದೆಯೆ?
— ಪುತ್ತೂರಿನ ಓದುಗರು

ಉತ್ತರ: ಇದೆ. ನಿಮ್ಮ ಎಂಜಿನ್ ಹಳೆಯ ಮಾದರಿಯದಾಗಿರುವುದರಿಂದ ಇನ್ನೂ ಸುಲಭ.

ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂತ ಗ್ಯಾಸ್ಕೆಟ್ ಮೂರನ್ನು ಬೇರೆಬೇರೆಯಾಗಿ ಇಡಬೇಕು: ಸಿಲಿಂಡರಿನ ಗ್ಯಾಸ್, ನೀರು, ಆಯಿಲ್. ಡೀಸೆಲ್ ಎಂಜಿನ್ನಿನಲ್ಲಿ ಬರೀ ಕಂಪ್ರೆಶನ್ನೇ 25ರಿಂದ 30 ಬಾರ್ ಇರುತ್ತದೆ, ಡೀಸೆಲ್ ಉರಿದಾಗ ಅದರ ಹಲವು ಪಟ್ಟು ಏರುತ್ತದೆ. ರೇಡಿಯೇಟರಿನ ನೀರಿನ ಒತ್ತಡ ಸುಮಾರು 0.9 ಬಾರ್ ಅಷ್ಟೇ. ಹಾಗಾಗಿ ಗ್ಯಾಸ್ಕೆಟ್ಟಿನ ಫೈರ್ ರಿಂಗ್ (ಸಿಲಿಂಡರಿನ ಬಾಯಿ ಸುತ್ತ ಕೂರುವ ಲೋಹದ ಉಂಗುರ) ಸುಟ್ಟು ದಾರಿಯಾದರೆ, ಎಂಜಿನ್ ಓಡುವಾಗ ಗ್ಯಾಸ್ ನೀರಿಗೆ ನುಗ್ಗುತ್ತದೆ. ಏರಿನಲ್ಲಿ, ಲೋಡಿನಲ್ಲಿ ಒತ್ತಡ ಹೆಚ್ಚು, ನುಗ್ಗುವ ಗ್ಯಾಸೂ ಹೆಚ್ಚು. ಅದು ಹೆಡ್ಡಿನೊಳಗೆ ನೀರು ಇರಬೇಕಾದ ಕಡೆ ಸೇರಿಕೊಂಡು ಆ ಭಾಗವನ್ನು ಒಣಗಿಸುತ್ತದೆ, ರೇಡಿಯೇಟರಿನ ನೀರನ್ನು ಕ್ಯಾಪಿನ ಓವರ್‌ಫ್ಲೋ ಪೈಪಿನಿಂದ ರಸ್ತೆಗೆ ಚೆಲ್ಲಿಸುತ್ತದೆ. ಸೋರಿದ ಗುರುತು ನಿಮಗೆ ಕಾಣದಿರುವುದು ಇದರಿಂದ ಇರಬಹುದು. ಎಂಜಿನ್ ಆಫ್ ಮಾಡಿದ ಮೇಲೆ ಹರಿವು ತಿರುಗುತ್ತದೆ: ಬಿಸಿ ನೀರಿನ ಒತ್ತಡವೇ ಉಳಿದು ನೀರು ಸಿಲಿಂಡರಿಗೆ ಜಿನುಗುತ್ತದೆ. ಬೆಳಿಗ್ಗೆ ಮೊದಲ ಸ್ಟಾರ್ಟಿನಲ್ಲಿ ಒಂದು ಸಿಲಿಂಡರ್ ಮಿಸ್ ಹೊಡೆದು, ಸೈಲೆನ್ಸರಿನಿಂದ ಬಿಳಿ ಹೊಗೆ ಬಂದು, ಹೊಗೆಯಲ್ಲಿ ಕೂಲೆಂಟಿನ ಸಿಹಿ ವಾಸನೆ ಇದ್ದರೆ ಅದು ಈ ನೀರು. ಚಳಿಯಲ್ಲಿ ಎರಡು ನಿಮಿಷ ಬಿಳಿ ಹೊಗೆ ಬಂದು ನಿಂತರೆ ಚಿಂತೆ ಬೇಡ.

ಮೊದಲು ರೇಡಿಯೇಟರ್ ಕ್ಯಾಪ್ ಹೊಸದು ಹಾಕಿ. ಹಳೆಯದರ ಮೇಲೆ ಅಚ್ಚಾದ ಒತ್ತಡದ ಅಂಕಿಯೇ ಹೊಸದರಲ್ಲೂ ಇರಬೇಕು. ಕ್ಯಾಪಿನ ಸ್ಪ್ರಿಂಗ್ ಸಡಿಲವಾದರೂ ನೀರು ಹೀಗೆಯೇ ಗುಟ್ಟಾಗಿ ಹೋಗುತ್ತದೆ. 0.9 ಬಾರ್ ಒತ್ತಡ ನಿಂತರೆ ಬರೀ ನೀರೂ 118 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಒತ್ತಡ ನಿಲ್ಲದಿದ್ದರೆ 100ಕ್ಕೇ ಕುದಿಯುತ್ತದೆ. ಎಂಜಿನ್ ಬಿಸಿ ಇರುವಾಗ ಕ್ಯಾಪಿಗೆ ಕೈ ಹಾಕಲೇಬೇಡಿ, ಮುಖ ಸುಡುತ್ತದೆ.

ನಂತರ, ರಾತ್ರಿಯೆಲ್ಲ ನಿಂತು ತಣ್ಣಗಾದ ಗಾಡಿಯಲ್ಲಿ ಬೆಳಿಗ್ಗೆ ಪರೀಕ್ಷೆ ಶುರು ಮಾಡಿ. ನೀರು ಬಾಯಿಮಟ್ಟ ತುಂಬಿ, ಕ್ಯಾಪ್ ಹಾಕಿ, ಸ್ಟಾರ್ಟ್ ಮಾಡಿ, ಮೇಲಿನ ಹೋಸ್ ಪೈಪನ್ನು ಕೈಯಲ್ಲಿ ಹಿಡಿದಿರಿ. ನೀರು ಕಾದಂತೆಲ್ಲ ಹೋಸ್ ನಿಧಾನವಾಗಿ ಬಿಗಿಯುವುದು ಸಹಜ. ಒಂದೆರಡು ನಿಮಿಷದಲ್ಲೇ, ಪೈಪ್ ಇನ್ನೂ ತಣ್ಣಗಿರುವಾಗಲೇ ಕಲ್ಲಿನಷ್ಟು ಗಟ್ಟಿಯಾದರೆ ಒಳಗೆ ಗ್ಯಾಸ್ ತುಂಬುತ್ತಿದೆ ಎಂದೇ ಲೆಕ್ಕ.

ಅನುಮಾನ ಉಳಿದರೆ ಬೆಲ್ಟ್ ತೆಗೆದು ನೋಡುವುದು ನಮಗೆ ಬಹಳ ನಂಬಿಕೆಯ ಪರೀಕ್ಷೆ. ಒಂದು ಲೀಟರ್ ನೀರಿನ ಬಾಟಲಿಯ ತಳ ಕತ್ತರಿಸಿ, ಅದರ ಕುತ್ತಿಗೆಗೆ ಹಳೆಯ ಟ್ಯೂಬಿನ ರಬ್ಬರ್ ಸುತ್ತಿ ರೇಡಿಯೇಟರ್ ಬಾಯಿಗೆ ಬಿಗಿಯಾಗಿ ಕೂರಿಸಿ, ಅರ್ಧದಷ್ಟು ನೀರು ತುಂಬಿ. ಫ್ಯಾನ್ ಬೆಲ್ಟ್ ಬಿಚ್ಚಿ. ಈಗ ವಾಟರ್ ಪಂಪ್ ತಿರುಗುವುದಿಲ್ಲ, ನೀರು ಕಲಕುವುದಿಲ್ಲ, ಹಾಗಾಗಿ ಕಂಡ ಗುಳ್ಳೆ ಪಂಪಿನದೋ ಗ್ಯಾಸಿನದೋ ಎಂಬ ಗೊಂದಲವಿಲ್ಲ. ಸ್ಟಾರ್ಟ್ ಮಾಡಿ ಅಕ್ಸಲರೇಟರ್ ಸ್ವಲ್ಪ ಏರಿಸಿ. ಮೊದಲು ಬರುವ ನಾಲ್ಕಾರು ಗುಳ್ಳೆ ಒಳಗೆ ಸಿಕ್ಕಿದ್ದ ಗಾಳಿಯದು, ಅದು ನಿಲ್ಲುತ್ತದೆ. ಗ್ಯಾಸಿನ ಗುಳ್ಳೆ ಸಾಲಾಗಿ ಬರುತ್ತಲೇ ಇರುತ್ತದೆ, ರೇಸ್ ಮಾಡಿದಾಗ ಹೆಚ್ಚುತ್ತದೆ, ಬಾಟಲಿಯ ನೀರು ಮೇಲೇರುತ್ತದೆ. ಒಂದು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ, ಮತ್ತೆ ನೋಡಬೇಕಿದ್ದರೆ ಪೂರ್ತಿ ಆರಲು ಬಿಡಿ. ಬೊಲೆರೊ ಪಿಕಪ್, ಟಾಟಾ 207 ತರಹದ ಡೀಸೆಲ್ ಗಾಡಿಗಳಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪ್ ಸಾಮಾನ್ಯವಾಗಿ ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಬೆಲ್ಟ್ ಇಲ್ಲದಿದ್ದರೆ ಬ್ರೇಕ್ ಪೆಡಲ್ ಗಟ್ಟಿಯಾಗಿಬಿಡುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟು, ಗಾಡಿಯನ್ನು ಒಂದಡಿಯೂ ಸರಿಸದೆ ಈ ಕೆಲಸ ಮಾಡಿ.

ಗುಳ್ಳೆ ಬಂದರೆ ಯಾವ ಸಿಲಿಂಡರಿನದು ಎಂದೂ ತಿಳಿಯಬಹುದು. ಎಂಜಿನ್ ಐಡ್ಲಿಂಗ್‌ನಲ್ಲಿರಲಿ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ಲಿಗೆ ಹೋಗುವ ಪೈಪಿನ ನಟ್ಟಿಗೆ ಬಟ್ಟೆ ಸುತ್ತಿ, ಸ್ಪ್ಯಾನರಿನಿಂದ ಅರ್ಧ ಸುತ್ತು ಸಡಿಲಿಸಿ. ಆ ಸಿಲಿಂಡರ್ ಉರಿಯುವುದು ನಿಲ್ಲುತ್ತದೆ. ನೋಡಿ, ಬಿಗಿದು, ಮುಂದಿನದಕ್ಕೆ ಹೋಗಿ. ಯಾವುದನ್ನು ಸಡಿಲಿಸಿದಾಗ ಗುಳ್ಳೆ ಗಮನಾರ್ಹವಾಗಿ ಇಳಿಯುತ್ತದೋ ಅದೇ ಸಿಲಿಂಡರ್. ಕಂಪ್ರೆಶನ್ ಇದ್ದೇ ಇರುವುದರಿಂದ ಪೂರ್ತಿ ನಿಲ್ಲದೆಯೂ ಇರಬಹುದು. ಕಣ್ಣಿಗೆ ಕನ್ನಡಕ ಹಾಕಿ, ಚಿಮ್ಮುವ ಡೀಸೆಲ್ಲಿಗೆ ಕೈ ಅಡ್ಡ ಹಿಡಿಯಬೇಡಿ. ಕಾಮನ್ ರೈಲ್ ಗಾಡಿ ಇರುವವರು ಇದನ್ನು ಎಂದಿಗೂ ಮಾಡಬಾರದು. ಅಲ್ಲಿ ಐಡ್ಲಿಂಗಿನಲ್ಲೇ ನೂರಾರು ಬಾರ್ ಒತ್ತಡ ಇರುತ್ತದೆ, ಆ ಡೀಸೆಲ್ ಚರ್ಮ ಸೀಳಿ ಒಳಹೊಕ್ಕರೆ ಬೆರಳು, ಕೈ ಕಳೆದುಕೊಳ್ಳುವ ಸ್ಥಿತಿ ಬರುತ್ತದೆ.

ಕೆಲವು ಗ್ಯಾರೇಜುಗಳಲ್ಲಿ ನೀಲಿ ದ್ರಾವಣದ ಬ್ಲಾಕ್ ಟೆಸ್ಟರ್ ಇದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಅದರ ಮೂಲಕ ಎಳೆದಾಗ ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಹೋಗಿ ಹಸಿರು, ಹಳದಿ ಆಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಒಂದು ತೊಡಕಿದೆ: ಐಡ್ಲಿಂಗಿನಲ್ಲಿ ಅದು ಬಹಳ ಗಾಳಿ, ಕಡಿಮೆ ಡೀಸೆಲ್ ಸುಡುತ್ತದೆ, ಹೊಗೆಯಲ್ಲಿ ಆ ಅನಿಲ ಕಡಿಮೆ. ಆದ್ದರಿಂದ ಬಣ್ಣ ಬದಲಾದರೆ ಗ್ಯಾಸ್ ನುಗ್ಗುತ್ತಿರುವುದು ಖಚಿತ, ಬದಲಾಗದಿದ್ದರೆ ಗ್ಯಾಸ್ಕೆಟ್ ಸರಿಯಿದೆ ಎಂದು ಅರ್ಥವಲ್ಲ. ಗಾಡಿಯನ್ನು ಏರಿನಲ್ಲಿ ಓಡಿಸಿ ತಂದು, ಆರಿದ ಮೇಲೆ ಹುಷಾರಾಗಿ ಕ್ಯಾಪ್ ತೆಗೆದು, ಎಂಜಿನ್ನನ್ನು 2000 ಆರ್‌ಪಿಎಂ ಆಸುಪಾಸಿನಲ್ಲಿ ಇಟ್ಟು ಇನ್ನೊಮ್ಮೆ ನೋಡಿಸಿ.

ಕಂಪ್ರೆಶನ್ ನೋಡಿಸುವುದಾದರೆ ಡೀಸೆಲ್ ಗೇಜ್ ಬೇಕು, ಪೆಟ್ರೋಲ್ ಗಾಡಿಯ ಗೇಜ್ ಒಡೆದುಹೋಗುತ್ತದೆ. ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಮೂರು ಸಿಲಿಂಡರು 27 ಬಾರ್ ತೋರಿಸಿ ಒಂದು 20 ತೋರಿಸಿದರೆ ರಿಂಗ್, ವಾಲ್ವ್, ಗ್ಯಾಸ್ಕೆಟ್ ಮೂರರಲ್ಲಿ ಯಾವುದೂ ಆಗಬಹುದು. ಅಕ್ಕಪಕ್ಕದ ಎರಡು ಸಿಲಿಂಡರು ಒಟ್ಟಿಗೆ ಇಳಿದಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿದೆ, ಅಂಥಲ್ಲಿ ನೀರಿನಲ್ಲಿ ಗುಳ್ಳೆ ಕಾಣದೆಯೂ ಇರಬಹುದು.

ಇನ್ನೊಂದು ಮಾತು. ಬೆಳಿಗ್ಗೆ ಸೆಲ್ಫ್ ಹೊಡೆದಾಗ ಎಂಜಿನ್ ಅರ್ಧ ಸುತ್ತಿ ಟಕ್ ಎಂದು ನಿಂತರೆ ಮತ್ತೆ ಹೊಡೆಯಬೇಡಿ, ತಳ್ಳಿ ಸ್ಟಾರ್ಟ್ ಮಾಡಲೂ ಹೋಗಬೇಡಿ. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಪಿಸ್ಟನ್ ಅದನ್ನು ಅದುಮಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಾಜಲ್‌ಗಳನ್ನು ತೆಗೆದು ಎಂಜಿನ್ ತಿರುಗಿಸಿ, ನೀರು ಯಾವ ತೂತಿನಿಂದ ಹೊರಬಂತೋ ನಿಮ್ಮ ಉತ್ತರ ಅಲ್ಲೇ ಇದೆ.

ಪ್ರಶ್ನೆ: ಟೊಮೆಟೊ ಹೇರಿಕೊಂಡು ಹೋಗುವಾಗ ನನ್ನ ಪಿಕಪ್ ಹೀಟ್ ಆಗುತ್ತದೆ. ಗುಳ್ಳೆ ಇಲ್ಲ, ಬಿಳಿ ಹೊಗೆ ಇಲ್ಲ, ನೀರೂ ಅಷ್ಟಾಗಿ ಇಳಿಯುವುದಿಲ್ಲ. ಥರ್ಮೋಸ್ಟಾಟ್ ವಾಲ್ವ್ (ಎಂಜಿನ್ ಕಾದ ಮೇಲೆ ಮಾತ್ರ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) ತೆಗೆದು ಬಿಸಾಡಿದರೂ ಕಡಿಮೆಯಾಗಿಲ್ಲ. ಇದು ಗ್ಯಾಸ್ಕೆಟ್ಟೇ?
— ಚಿಂತಾಮಣಿಯ ಓದುಗರು

ಉತ್ತರ: ನೀವು ಬರೆದದ್ದರಲ್ಲಿ ಗ್ಯಾಸ್ಕೆಟ್ಟನ್ನು ತೋರಿಸುವ ಒಂದು ಲಕ್ಷಣವೂ ಇಲ್ಲ. ಹೆಡ್ ಮುಟ್ಟಬೇಡಿ.

ನಿಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ರೇಡಿಯೇಟರಿಗೆ ವರ್ಷಗಟ್ಟಲೆ ಅದನ್ನೇ ಹಾಕಿದ್ದರೆ ಟ್ಯೂಬುಗಳ ಒಳಗೆ ಸುಣ್ಣದ ಪದರ ಕಟ್ಟಿರುತ್ತದೆ. ಎಂಜಿನ್ ಕಾದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ರೇಡಿಯೇಟರಿನ ಮುಖವನ್ನು ಅಂಗುಲ ಅಂಗುಲವಾಗಿ ಅಳೆಯಿರಿ. ಬಿಸಿಯ ನಡುವೆ ತಣ್ಣನೆಯ ಪಟ್ಟಿಗಳು ಸಿಕ್ಕರೆ ಆ ಟ್ಯೂಬುಗಳಲ್ಲಿ ನೀರು ಹರಿಯುತ್ತಿಲ್ಲ. ರೇಡಿಯೇಟರ್ ಅಂಗಡಿಯಲ್ಲಿ ಟ್ಯಾಂಕ್ ಬಿಚ್ಚಿ ಸರಳು ಆಡಿಸಿ ಶುಚಿ ಮಾಡಿಸಬಹುದು, ತೀರಾ ಕಟ್ಟಿದ್ದರೆ ಕೋರ್ ಬದಲಿಸಬೇಕು. ಹೊರಗಿನ ಫಿನ್ನುಗಳಲ್ಲಿ ಹುಲ್ಲು, ಹೊಟ್ಟು, ಕೆಮ್ಮಣ್ಣು ತುಂಬಿದ್ದರೆ ಫ್ಯಾನ್ ಕಡೆಯಿಂದ ಮುಂದಕ್ಕೆ ನೀರು ಹೊಡೆದು ತೊಳೆಯಿರಿ. ಬೆಲ್ಟ್ ಜಾರುತ್ತಿದೆಯೇ, ಫ್ಯಾನಿನ ಸುತ್ತಲಿನ ಕವಚ (ಶ್ರೌಡ್) ಜಾಗದಲ್ಲಿದೆಯೇ, ವಾಟರ್ ಪಂಪಿನ ರೆಕ್ಕೆಗಳು ತುಕ್ಕು ತಿಂದು ಸವೆದಿವೆಯೇ ನೋಡಿ.

ಥರ್ಮೋಸ್ಟಾಟ್ ತೆಗೆದದ್ದು ಸರಿಯಲ್ಲ, ಅದನ್ನು ಮತ್ತೆ ಹಾಕಿಸಿ. ಅನೇಕ ಎಂಜಿನ್ನುಗಳಲ್ಲಿ ಅದು ತೆರೆಯುವಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ವಾಲ್ವೇ ಇಲ್ಲದಿದ್ದರೆ ಬೈಪಾಸ್ ಸದಾ ತೆರೆದಿದ್ದು, ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಕಾಣದೆಯೇ ಎಂಜಿನ್ನಿಗೆ ಮರಳುತ್ತದೆ. ಹೊಸದನ್ನು ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ದಾರಕ್ಕೆ ಕಟ್ಟಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ 82 ಎಂದಿದ್ದರೆ ಆ ಡಿಗ್ರಿಯ ಹತ್ತಿರ ಬಾಯಿ ಬಿಡಬೇಕು, ನೀರು ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು.

ಲೋಡಿನ ಲೆಕ್ಕವನ್ನೂ ಮಾಡಿ. 15 ಕಿಲೊ ಬಾಕ್ಸ್ 120 ಹೇರಿದರೆ ಹಣ್ಣೇ 1800 ಕಿಲೊ, ಕ್ರೇಟಿನ ತೂಕ ಬೇರೆ. ಆರ್‌ಸಿಯಲ್ಲಿ ಬರೆದ ಮಿತಿಯನ್ನು ಇದು ದಾಟಿದರೆ ಹೊಸ ರೇಡಿಯೇಟರೂ ಏರಿನಲ್ಲಿ ಸೋಲುತ್ತದೆ, ಇಂದು ಚೆನ್ನಾಗಿರುವ ಗ್ಯಾಸ್ಕೆಟ್ ಮುಂದಿನ ಬೇಸಿಗೆಗೆ ಹೋಗುತ್ತದೆ.

ಪ್ರಶ್ನೆ: ಆಯಿಲ್ ಹಾಕುವ ಮುಚ್ಚಳದ ಒಳಗೆ ಬಿಳಿ ಕ್ರೀಮ್ ಕಟ್ಟಿದೆ. ನೀರು ಆಯಿಲಿಗೆ ಸೇರುತ್ತಿದೆ, ಎಂಜಿನ್ ಇಳಿಸಬೇಕು ಎಂದು ಹೆದರಿಸಿದ್ದಾರೆ.
— ತೀರ್ಥಹಳ್ಳಿಯ ಓದುಗರು

ಉತ್ತರ: ಮುಚ್ಚಳ ನೋಡಿ ತೀರ್ಮಾನಿಸಬೇಡಿ. ಮಳೆಗಾಲದಲ್ಲಿ ದಿನಕ್ಕೆ ಮೂರು ನಾಲ್ಕು ಕಿಲೊಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಒಳಗಿನ ತೇವ ತಣ್ಣನೆಯ ಮುಚ್ಚಳಕ್ಕೆ ಹತ್ತಿ ಆಯಿಲಿನೊಂದಿಗೆ ಕ್ರೀಮ್ ಆಗುತ್ತದೆ. ಒರೆಸಿ, ಒಂದು ಗಂಟೆ ಹೆದ್ದಾರಿಯಲ್ಲಿ ಓಡಿಸಿ, ಮತ್ತೆ ನೋಡಿ.

ಡಿಪ್ ಸ್ಟಿಕ್ಕಿನ ಆಯಿಲ್ ಹೇಳುವುದನ್ನು ಹೆಚ್ಚು ನಂಬಬಹುದು. ಅದು ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಹಾಕದೆಯೇ ಮಟ್ಟ ಏರಿದ್ದರೆ ನೀರು ನಿಜವಾಗಿ ಸೇರಿದೆ. (ಮಟ್ಟ ಏರಿಯೂ ಆಯಿಲ್ ಕಪ್ಪಾಗಿ ತೆಳುವಾಗಿ ಡೀಸೆಲ್ ವಾಸನೆ ಬಂದರೆ ಅದು ಡೀಸೆಲ್ ಪಂಪ್ ಅಥವಾ ನಾಜಲ್ಲಿನ ತೊಂದರೆ.) ಸಣ್ಣ ಪ್ರಮಾಣವಾದರೆ ಎರಡು ರೀತಿಯಲ್ಲಿ ಪತ್ತೆ ಮಾಡಬಹುದು. ಸ್ಟೀಲ್ ಚಮಚವನ್ನು ಚೆನ್ನಾಗಿ ಕಾಯಿಸಿ, ಉರಿಯಿಂದ ದೂರ ತಂದು, ಡಿಪ್ ಸ್ಟಿಕ್ಕಿನಿಂದ ಒಂದು ಹನಿ ಬಿಡಿ. ನೀರಿದ್ದರೆ ಚಟಪಟ ಎನ್ನುತ್ತದೆ, ಶುದ್ಧ ಆಯಿಲ್ ಸುಮ್ಮನೆ ಹೊಗೆಯಾಡುತ್ತದೆ. ಇಲ್ಲವೇ ರಾತ್ರಿ ನಿಂತ ಗಾಡಿಯ ಚೇಂಬರಿನ (ಎಂಜಿನ್ನಿನ ತಳದ ಆಯಿಲ್ ತಟ್ಟೆಯ) ಡ್ರೈನ್ ಬೋಲ್ಟನ್ನು ಬೆಳಿಗ್ಗೆ ನಿಧಾನವಾಗಿ ಸಡಿಲಿಸಿ. ಬೆರೆಯದೆ ಉಳಿದ ನೀರು ತಳದಲ್ಲಿ ಕೂತಿರುತ್ತದೆ, ಅದೇ ಮೊದಲು ಬರುತ್ತದೆ.

ನೀರು ಖಚಿತವಾದರೂ ಗ್ಯಾಸ್ಕೆಟ್ಟೇ ಎಂದಲ್ಲ. ನೀರಿನಿಂದ ತಣಿಯುವ ಆಯಿಲ್ ಕೂಲರ್ ನಿಮ್ಮ ಎಂಜಿನ್ನಿನಲ್ಲಿದ್ದರೆ ಅದನ್ನು ಮೊದಲು ಬಿಚ್ಚಿ ಒತ್ತಡ ಹಾಕಿ ನೋಡಿಸಿ. ಓಡುವ ಎಂಜಿನ್ನಿನಲ್ಲಿ ಆಯಿಲಿನ ಒತ್ತಡ ನೀರಿನದಕ್ಕಿಂತ ಹೆಚ್ಚು, ಆದ್ದರಿಂದ ಕೂಲರ್ ತೂತಾದರೆ ಮೊದಲು ರೇಡಿಯೇಟರಿನಲ್ಲಿ ಆಯಿಲ್ ತೇಲುತ್ತದೆ. ಎರಡರಲ್ಲಿ ಯಾವುದಾದರೂ, ನೀರು ಬೆರೆತ ಆಯಿಲಿನಲ್ಲಿ ಗಾಡಿ ಓಡಿಸಬೇಡಿ. ಬೇರಿಂಗುಗಳು ಬಹಳ ಬೇಗ ಹಾಳಾಗುತ್ತವೆ, ಆಮೇಲೆ ಕ್ರ್ಯಾಂಕ್ ಶಾಫ್ಟಿನ ಖರ್ಚು ಬೀಳುತ್ತದೆ.

ಪ್ರಶ್ನೆ: ಐದು ತಿಂಗಳ ಹಿಂದೆ ಹೆಡ್ ಫೇಸಿಂಗ್ (ಹೆಡ್ಡಿನ ತಳವನ್ನು ಕೆತ್ತಿ ಸಮತಟ್ಟು ಮಾಡುವುದು) ಮಾಡಿಸಿ ಹೊಸ ಗ್ಯಾಸ್ಕೆಟ್ ಹಾಕಿಸಿದ್ದೆ. ಈಗ ಮತ್ತೆ ಗುಳ್ಳೆ. ಗ್ಯಾಸ್ಕೆಟ್ ಡೂಪ್ಲಿಕೇಟ್ ಇದ್ದಿರಬಹುದೆ?
— ಹುಬ್ಬಳ್ಳಿಯ ಓದುಗರು

ಉತ್ತರ: ಇರಬಹುದು. ಆದರೆ ಹೊಸ ಗ್ಯಾಸ್ಕೆಟ್ ಇಷ್ಟು ಬೇಗ ಹೋದಾಗ ಮೊದಲು ಅನುಮಾನಿಸಬೇಕಾದದ್ದು ಅದನ್ನು ಕೂರಿಸಿದ ಜಾಗ ಮತ್ತು ಕೂರಿಸಿದ ರೀತಿ. ಈ ಸಲ ಬಿಚ್ಚುವಾಗ ನೀವೇ ಎದುರಿಗಿರಿ, ಹಳೆಯ ಗ್ಯಾಸ್ಕೆಟ್ಟನ್ನು ಎಸೆಯಲು ಬಿಡಬೇಡಿ. ಫೈರ್ ರಿಂಗಿನಿಂದ ನೀರಿನ ತೂತಿನ ಕಡೆಗೆ ಕಪ್ಪು ಗೆರೆ ಎಲ್ಲಿ ಹೋಗಿದೆಯೋ ಅದಕ್ಕೆ ಸರಿಯಾಗಿ ಹೆಡ್ಡಿನಲ್ಲೂ ಬ್ಲಾಕಿನಲ್ಲೂ ಗುರುತು ಹಾಕಿಸಿ.

ಹೆಡ್ಡಿಗೆ ಫೇಸಿಂಗ್ ಆಗಿದೆ, ಬ್ಲಾಕನ್ನು ಯಾರಾದರೂ ಅಳೆದಿದ್ದಾರೆಯೆ? ನೇರವಾದ ಸ್ಟೀಲ್ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು) ತೂರಿಸಿ ನೋಡಬೇಕು. ನಿಮ್ಮ ಎಂಜಿನ್ನಿನ ಮಿತಿ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಅಡ್ಡಕ್ಕೆ 0.05 ಮಿ.ಮೀ. ಎಲೆ ನುಸುಳಿದರೇ ನಾವು ಅನುಮಾನಿಸುತ್ತೇವೆ. ಲೈನರ್ (ಸಿಲಿಂಡರಿನ ಒಳಗೆ ಕೂರಿಸಿದ ಬಿಡಿ ಕೊಳವೆ) ಇರುವ ಎಂಜಿನ್ನಾದರೆ ಪ್ರತಿ ಲೈನರ್ ಬ್ಲಾಕಿನ ಮಟ್ಟಕ್ಕಿಂತ ಎಷ್ಟು ಮೇಲಿದೆ ಎಂದೂ ಡಯಲ್ ಗೇಜಿನಲ್ಲಿ ಅಳೆಯಬೇಕು. ಒಂದು ಲೈನರ್ ಕುಸಿದಿದ್ದರೆ ಅದರ ಮೇಲೆ ಎಷ್ಟು ಗ್ಯಾಸ್ಕೆಟ್ ಹಾಕಿದರೂ ಸುಡುತ್ತದೆ.

ಹೆಡ್ಡಿನಲ್ಲಿ ಎರಡು ವಾಲ್ವುಗಳ ನಡುವೆ ಕೂದಲೆಳೆಯ ಬಿರುಕು ಇರಬಹುದು. ತಣ್ಣಗಿದ್ದಾಗ ಮುಚ್ಚಿಕೊಂಡಿದ್ದು ಕಾದಾಗ ಬಾಯಿ ಬಿಡುತ್ತದೆ. ಆದ್ದರಿಂದ ಲೇಥ್ ಅಂಗಡಿಯಲ್ಲಿ ನೀರಿನ ತೂತುಗಳನ್ನು ಮುಚ್ಚಿ, ಹೆಡ್ಡನ್ನು ಬಿಸಿ ನೀರಿನಲ್ಲಿ ಮುಳುಗಿಸಿ ಗಾಳಿ ಹಾಕಿಯೇ ಪರೀಕ್ಷಿಸಬೇಕು. ಗಾಡಿಯಲ್ಲಿ ನೀರಿನಿಂದ ತಣಿಯುವ ಇಜಿಆರ್ ಕೂಲರ್ (ಎಂಜಿನ್ನಿಗೆ ಮರಳಿ ಹೋಗುವ ಹೊಗೆಯನ್ನು ತಣಿಸುವ ಭಾಗ) ಇದ್ದರೆ ಅದನ್ನೂ ಹೀಗೆ ಒತ್ತಡ ಹಾಕಿ ನೋಡಿಸಿ. ಅದು ಸೀಳಿದರೂ ಹೊಗೆ ನೀರಿಗೆ ಸೇರಿ, ಹೆಡ್ ಗ್ಯಾಸ್ಕೆಟ್ ಹೋದ ಲಕ್ಷಣಗಳನ್ನೇ ತೋರಿಸುತ್ತದೆ. ಈ ಒಂದನ್ನು ನೋಡದೆ ಎರಡು ಸಲ ಹೆಡ್ ಬಿಚ್ಚುವುದು ನಡೆಯುತ್ತದೆ.

ಫೇಸಿಂಗ್‌ನಲ್ಲಿ ಎಷ್ಟು ತೆಗೆದರು ಎಂದು ಕೇಳಿ. ಹಲವು ಡೀಸೆಲ್ ಎಂಜಿನ್ನುಗಳಿಗೆ ಗ್ಯಾಸ್ಕೆಟ್ ಬೇರೆಬೇರೆ ದಪ್ಪದಲ್ಲಿ ಬರುತ್ತದೆ, ಅಂಚಿನ ತೂತು ಅಥವಾ ಕಚ್ಚುಗಳ ಸಂಖ್ಯೆ ದಪ್ಪವನ್ನು ಹೇಳುತ್ತದೆ. ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಬರುತ್ತದೆ ಎಂದು ಅಳೆದು ಗ್ಯಾಸ್ಕೆಟ್ ಆರಿಸಬೇಕು. ಅಂಗಡಿಯವರು ಕೊಟ್ಟದ್ದನ್ನು ಹಾಕಿದರೆ ಪಿಸ್ಟನ್ ವಾಲ್ವಿಗೆ ತಾಗಬಹುದು, ಇಲ್ಲವೇ ಕಂಪ್ರೆಶನ್ ಇಳಿದು ಸ್ಟಾರ್ಟಿಂಗ್ ಕಷ್ಟವಾಗಬಹುದು.

ಕೊನೆಗೆ ಬೋಲ್ಟುಗಳು. ಇಲ್ಲಿಯೇ ಹೆಚ್ಚು ಕೆಲಸ ಕೆಡುವುದು. ಬ್ಲಾಕಿನ ತೂತುಗಳಲ್ಲಿ ಆಯಿಲ್, ನೀರು ನಿಂತಿರಬಾರದು. ಅದರ ಮೇಲೆ ಬೋಲ್ಟ್ ಬಿಗಿದರೆ ಟಾರ್ಕ್ ರೆಂಚ್ ಸರಿಯಾದ ಅಂಕಿ ತೋರಿಸಿದರೂ ಹೆಡ್ ಬಿಗಿದಿರುವುದಿಲ್ಲ, ಕೆಲವೊಮ್ಮೆ ಬ್ಲಾಕೇ ಸೀಳುತ್ತದೆ. ಥ್ರೆಡ್ಡಿನ ತುಕ್ಕೂ ಹೀಗೆಯೇ ಮೋಸ ಮಾಡುತ್ತದೆ. ಟಾರ್ಕ್ ಕೊಟ್ಟ ಮೇಲೆ ಇಷ್ಟು ಡಿಗ್ರಿ ತಿರುಗಿಸಿ ಎಂದು ಪುಸ್ತಕ ಹೇಳಿದ್ದರೆ ಅವು ಸಾಮಾನ್ಯವಾಗಿ ಬಿಗಿದಾಗ ಹಿಗ್ಗುವ ಬೋಲ್ಟುಗಳು, ಹೊಸದೇ ಬೇಕು. ನಡುವಿನಿಂದ ಹೊರಕ್ಕೆ, ಪುಸ್ತಕದ ಕ್ರಮದಲ್ಲಿ, ಹಂತ ಹಂತವಾಗಿ ಬಿಗಿಯಬೇಕು. ಉದ್ದ ಪೈಪ್ ಹಾಕಿ ಕೈ ಅಂದಾಜಿನಲ್ಲಿ ಎಳೆಯುವ ಮೆಕ್ಯಾನಿಕ್ಕಿಗೆ ಈ ಕೆಲಸ ಕೊಡಬೇಡಿ. ಹಳೆಯ ಎಂಜಿನ್ನುಗಳಲ್ಲಿ ಕಾದು ಆರಿದ ಮೇಲೆ ಇನ್ನೊಮ್ಮೆ ಟಾರ್ಕ್ ನೋಡಬೇಕೆಂದಿದ್ದರೆ ತಪ್ಪದೆ ಮಾಡಿಸಿ, ಅದಾದ ಮೇಲೆ ಟ್ಯಾಪೆಟ್ (ವಾಲ್ವಿನ ಸಂದು) ಮತ್ತೆ ಸೆಟ್ ಮಾಡಿಸಿ. ಪುಸ್ತಕ ಹೇಳದ ಕಡೆ ಗ್ಯಾಸ್ಕೆಟ್ಟಿಗೆ ಸಿಲಿಕೋನ್, ಶೆಲ್ಲಾಕ್ ಸವರುವುದು ಬೇಡ.

ಪ್ರಶ್ನೆ: ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿದರೆ ಅಥವಾ ಅಂಗಡಿಯ ಲೀಕ್ ಸೀಲರ್ ಹಾಕಿದರೆ ಗ್ಯಾಸ್ಕೆಟ್ ನಿಲ್ಲುತ್ತದೆಯೆ? ದಾರಿಯಲ್ಲಿ ಹೀಟ್ ಆದರೆ ಊರು ಮುಟ್ಟುವುದು ಹೇಗೆ?
— ಮೂಡಿಗೆರೆಯ ಓದುಗರು

ಉತ್ತರ: ಅರಿಶಿನ ರೇಡಿಯೇಟರಿನ ಸೂಜಿಮೊನೆಯಷ್ಟು ತೂತನ್ನು ಸ್ವಲ್ಪ ಹೊತ್ತು ಮುಚ್ಚಬಹುದು. ಹತ್ತಾರು ಬಾರ್ ಒತ್ತಡದ ಗ್ಯಾಸಿನ ಎದುರು ಪುಡಿಯೂ ನಿಲ್ಲದು, ಸೀಲರೂ ನೆಚ್ಚುವಂಥದ್ದಲ್ಲ. ಎರಡೂ ರೇಡಿಯೇಟರಿನ ಸಣ್ಣ ಟ್ಯೂಬುಗಳಲ್ಲಿ ಕಟ್ಟಿಕೊಂಡು, ಒಂದು ರಿಪೇರಿಯ ಜಾಗದಲ್ಲಿ ಎರಡನ್ನು ತರುತ್ತವೆ.

ದಾರಿಯಲ್ಲಿ ಮುಳ್ಳು ಏರತೊಡಗಿದರೆ ಎಸಿ ಆಫ್ ಮಾಡಿ, ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ, ಬದಿಗೆ ನಿಲ್ಲಿಸಿ. ನೀರು ಇನ್ನೂ ಚೆಲ್ಲಿರದಿದ್ದರೆ ಎಂಜಿನ್ ಐಡ್ಲಿಂಗ್‌ನಲ್ಲಿ ಕೆಲವು ನಿಮಿಷ ಓಡಲಿ, ಫ್ಯಾನ್ ಬಿಸಿ ಎಳೆಯುತ್ತದೆ. ಆವಿ ಬಂದಿದ್ದರೆ, ಹೋಸ್ ಒಡೆದಿದ್ದರೆ ತಕ್ಷಣ ಆಫ್ ಮಾಡಿ. ಕೆಂಪಿನಲ್ಲಿದ್ದ ಮುಳ್ಳು ಇದ್ದಕ್ಕಿದ್ದಂತೆ ತಣ್ಣನೆಯ ಕಡೆಗೆ ಬಿದ್ದರೆ ಖುಷಿಪಡಬೇಡಿ. ಸೆನ್ಸರ್ ಇರುವ ಜಾಗದಲ್ಲಿ ನೀರೇ ಇಲ್ಲವೆಂದು ಅದರ ಅರ್ಥ, ಆ ಗಳಿಗೆಯಿಂದ ಮುಂದೆ ಓಡಿಸಿದ ಪ್ರತಿ ಕಿಲೊಮೀಟರಿಗೂ ಹೆಡ್ ಬಾಗುತ್ತದೆ. ಒಂದು ಗಂಟೆಯಾದರೂ ಆರಲು ಬಿಡಿ. ಕಾದ ಎಂಜಿನ್ನಿನ ಮೇಲೆ ಹೊಳೆಯ ತಣ್ಣೀರು ಸುರಿದರೆ, ಒಳಗೆ ಹಾಕಿದರೆ ಹೆಡ್ ಬಿರಿಯುತ್ತದೆ. ಆರಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿಟ್ಟು ನಿಧಾನವಾಗಿ ನೀರು ಸೇರಿಸಿ, ಲೋಡ್ ಬೇರೆ ಗಾಡಿಗೆ ಹಾಕಿ ಖಾಲಿ ಗಾಡಿಯನ್ನು ಹತ್ತಿರದ ಗ್ಯಾರೇಜಿನವರೆಗೆ ಮಾತ್ರ ಓಡಿಸಿ. ಆಯಿಲ್ ಬಣ್ಣ ಬದಲಾಗಿದ್ದರೆ ಅಷ್ಟೂ ಬೇಡ, ಎಳೆಸಿಕೊಂಡು ಹೋಗಿ.

ರಿಪೇರಿಯಾದ ಮೇಲೆ ಬರೀ ನೀರು ಬಿಟ್ಟು, ಎಥಿಲೀನ್ ಗ್ಲೈಕಾಲ್ ಕೂಲೆಂಟನ್ನು ಡಿಸ್ಟಿಲ್ಡ್ ವಾಟರಿನೊಂದಿಗೆ ಅರ್ಧಕ್ಕರ್ಧ ಬೆರೆಸಿ ಹಾಕಿ. ಅದರಲ್ಲಿ ತುಕ್ಕು ತಡೆಯುವ ಅಂಶವಿದೆ. ಹಳೆಯದನ್ನು ಚರಂಡಿಗೆ, ತೋಟಕ್ಕೆ ಚೆಲ್ಲಬೇಡಿ, ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ರುಚಿ ಸಿಹಿಯಿರುವುದರಿಂದ ನಾಯಿ, ದನ ನೆಕ್ಕುತ್ತವೆ, ಸ್ವಲ್ಪವೇ ಸಾಕು ಮೂತ್ರಪಿಂಡ ಕೆಟ್ಟು ಸಾಯಲು. ಮಕ್ಕಳ ಕೈಗೂ ಸಿಗದಂತೆ ಇಡಿ.